ಹತ್ತು ಯೂನಿಟ್ಟಿನ ಅಂಜಿಕೆ

ಮಧುಮೇಹದ ಚಿಕಿತ್ಸೆಯಲ್ಲಿ ಶಸ್ತ್ರಕ್ರಿಯೆಯಲ್ಲಿರುವಂಥ ಒಂದೇ ನಿರ್ಣಾಯಕ ಗಳಿಗೆ ಇರುವುದಿಲ್ಲ. ಅದು ವರ್ಷಗಟ್ಟಲೆ ಹರಡಿಕೊಂಡ ಸಣ್ಣ ಸಣ್ಣ ತೀರ್ಮಾನಗಳ ಸರಣಿ, ಮತ್ತು ಒಂದೊಂದು ತೀರ್ಮಾನದ ಫಲವೂ ವಾರಗಳೋ ತಿಂಗಳುಗಳೋ ಕಳೆದ ಮೇಲಷ್ಟೇ ಕಾಣಿಸಿಕೊಳ್ಳುತ್ತದೆ. ಗುಳಿಗೆಯ ಪ್ರಮಾಣವನ್ನು ಇಂದು ಏರಿಸಿದ ವೈದ್ಯರಿಗೆ ಅದು ಸಾಕಾಯಿತೇ ಎಂಬುದು ಖಚಿತವಾಗಲು ಸುಮಾರು ಮೂರು ತಿಂಗಳು ಬೇಕು. ಏರಿಸಬೇಕಾದಾಗ ಏರಿಸದೆ ಬಿಟ್ಟದ್ದರ ಫಲವಂತೂ ಕಣ್ಣಿನ ಅಕ್ಷಿಪಟಲದಲ್ಲಿ, ಮೂತ್ರಪಿಂಡದಲ್ಲಿ, ಪಾದದ ನರಗಳಲ್ಲಿ ಎಷ್ಟೋ ವರ್ಷಗಳ ನಂತರ ಪ್ರಕಟವಾಗುತ್ತದೆ, ಮತ್ತು ಅಷ್ಟರಲ್ಲಿ ಆ ವೈದ್ಯರು ಬೇರೆ ಊರಿಗೆ ವರ್ಗವಾಗಿ ಹೋಗಿರುತ್ತಾರೆ. ವೈದ್ಯಕೀಯ ಪದವಿಯ ಕೊನೆಯಲ್ಲಿ ಒಂದು ವರ್ಷ ತರಬೇತಿ ವೈದ್ಯರಾಗಿ ದುಡಿಯುವ ವಿದ್ಯಾರ್ಥಿಯ ಸ್ಥಿತಿ ಇನ್ನೂ ಕಷ್ಟದ್ದು. ಔಷಧ ವಿಭಾಗದಲ್ಲಿ ಕೆಲವು ವಾರ, ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲವು ವಾರ, ಸಮುದಾಯ ವೈದ್ಯಕೀಯದಲ್ಲಿ ಕೆಲವು ವಾರ ಎಂದು ಸುತ್ತುವ ಆತ ಅಥವಾ ಆಕೆ, ತಾನು ಬರೆದ ಔಷಧ ಚೀಟಿ ಏನು ಮಾಡಿತೆಂಬುದನ್ನು ನೋಡುವ ಮೊದಲೇ ಮುಂದಿನ ವಿಭಾಗಕ್ಕೆ ಹೋಗಿಬಿಡಬೇಕಾಗುತ್ತದೆ. ಮಾಡಿದ್ದರ ಫಲ ಕಾಣದ ಕಡೆ ಕಲಿಕೆ ನೆಲೆಗೊಳ್ಳುವುದಿಲ್ಲ, ಮತ್ತು ಫಲ ಕಾಣಬೇಕೆಂದು ರೋಗಿಯ ಮೇಲೆ ಪ್ರಯೋಗ ಮಾಡುತ್ತ ಕೂರಲೂ ಆಗುವುದಿಲ್ಲ. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಆಡುವ ಶೈಕ್ಷಣಿಕ ಆಟಗಳು ವೈದ್ಯಕೀಯ ಶಿಕ್ಷಣದೊಳಕ್ಕೆ ಬರುತ್ತಿರುವುದು ಈ ಇಕ್ಕಟ್ಟಿನ ಬಾಗಿಲಿನಿಂದ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಹಾರ್ಮೋನು ರೋಗಗಳ ತಜ್ಞರು ಇರುವುದು ಬಹುಪಾಲು ದೊಡ್ಡ ನಗರಗಳಲ್ಲಿ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ‘ಸಕ್ರಿ ಕಾಯಿಲೆ’ ಇರುವವರನ್ನು ನೋಡಿಕೊಳ್ಳುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ವೈದ್ಯರು, ತಾಲ್ಲೂಕು ಆಸ್ಪತ್ರೆಯ ವೈದ್ಯರು, ಊರಿನ ಖಾಸಗಿ ದವಾಖಾನೆಯವರು. ಅವರಲ್ಲಿ ಹಲವರು 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಕಲಿತವರು. ಇನ್ನು ಮುಂದೆ ಹಾವೇರಿಯಲ್ಲಿ ಇತ್ತೀಚೆಗೆ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿಂದಲೂ ಬರಲಿದ್ದಾರೆ. ಆದ್ದರಿಂದ ಮಧುಮೇಹವನ್ನು ಕಲಿಸುವ ಪ್ರಶ್ನೆ ತಜ್ಞರನ್ನು ತಯಾರಿಸುವ ಪ್ರಶ್ನೆಯಲ್ಲ. ದಿನಕ್ಕೆ ನೂರಾರು ಹೊರರೋಗಿಗಳನ್ನು ನೋಡುವ ಸಾಮಾನ್ಯ ವೈದ್ಯರಲ್ಲಿ ಒಂದು ನಿರ್ದಿಷ್ಟ ಧೈರ್ಯವನ್ನು ಬೆಳೆಸುವ ಪ್ರಶ್ನೆ.

ಆ ಧೈರ್ಯ ಬೇಕಾಗಿರುವುದು ಮುಖ್ಯವಾಗಿ ಇನ್ಸುಲಿನ್ ಆರಂಭಿಸುವಾಗ. ಇನ್ಸುಲಿನ್ ಎಂದರೆ ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯ ಬೀಟಾ ಜೀವಕೋಶಗಳು ಸ್ರವಿಸುವ, ರಕ್ತದಲ್ಲಿರುವ ಗ್ಲೂಕೋಸನ್ನು ಜೀವಕೋಶಗಳ ಒಳಕ್ಕೆ ಸೇರಿಸುವ ಹಾರ್ಮೋನು. ಟೈಪ್ 2 ಎಂದು ಕರೆಯುವ, ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಮಧುಮೇಹದಲ್ಲಿ ಮೊದಮೊದಲು ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ವರ್ಷಗಳು ಕಳೆದಂತೆ ಬೀಟಾ ಜೀವಕೋಶಗಳು ಕುಗ್ಗಿ ಸ್ರವಿಕೆಯೇ ಕಡಿಮೆಯಾಗುತ್ತದೆ, ಆಗ ಎರಡು ಮೂರು ಬಗೆಯ ಗುಳಿಗೆಗಳಿಂದಲೂ ಸಕ್ಕರೆ ಹತೋಟಿಗೆ ಬರದಿದ್ದರೆ ಇನ್ಸುಲಿನ್ನನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ಟೊರಾಂಟೊದಲ್ಲಿ 1921ರಲ್ಲಿ ಕಂಡುಹಿಡಿದು 1922ರ ಜನವರಿಯಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಚುಚ್ಚಿದ ಈ ಔಷಧಕ್ಕೆ ಈಗ ನೂರು ವರ್ಷ ದಾಟಿದೆ. ಆದರೂ ಅದನ್ನು ಬರೆಯಬೇಕಾದ ಹೊತ್ತಿನಲ್ಲಿ ವೈದ್ಯರ ಕೈ ಹಿಂಜರಿಯುತ್ತದೆ: ಸಕ್ಕರೆ ತೀರ ಇಳಿದು ರೋಗಿ ಎಚ್ಚರ ತಪ್ಪಿದರೆ ಏನು ಗತಿ, ಸೂಜಿ ಚುಚ್ಚಿಕೊಳ್ಳುವುದನ್ನು ಕಲಿಸಲು ಸಮಯ ಎಲ್ಲಿದೆ, ಮನೆಯಲ್ಲಿ ಚುಚ್ಚುವವರು ಯಾರು. ಇದರ ಫಲವಾಗಿ ‘ಇನ್ನೊಂದು ತಿಂಗಳು ಪಥ್ಯ ಮಾಡಿ ನೋಡಿ’ ಎಂಬ ಮಾತು ವರ್ಷಗಳವರೆಗೆ ಮುಂದುವರಿಯುತ್ತದೆ. ಚಿಕಿತ್ಸೆಯನ್ನು ಬಲಪಡಿಸಬೇಕೆಂದು ಗೊತ್ತಿದ್ದೂ ಬಲಪಡಿಸದೆ ಇರುವ ಈ ಸ್ಥಿತಿಯನ್ನು ವೈದ್ಯ ಸಾಹಿತ್ಯ ಚಿಕಿತ್ಸಾ ಜಡತ್ವ ಎಂದು ಕರೆಯುತ್ತದೆ. ಅದರ ಬೆಲೆ ಸಣ್ಣದಲ್ಲ: 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೀರ್ಘಕಾಲದ ಅಧ್ಯಯನವೊಂದರಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣು, ಮೂತ್ರಪಿಂಡ ಮುಂತಾದೆಡೆ ಸೂಕ್ಷ್ಮ ರಕ್ತನಾಳಗಳಿಗೆ ತಗಲುವ ತೊಡಕುಗಳು ಶೇಕಡಾ 25ರಷ್ಟು ಕಡಿಮೆಯಾದುದು ಕಂಡುಬಂದಿತು.

ಈ ಜಡತ್ವ ಹುಟ್ಟುವುದು ತಿಳಿವಳಿಕೆಯ ಕೊರತೆಯಿಂದ ಎಂದು ಭಾವಿಸಿ ಉಪನ್ಯಾಸಗಳನ್ನು ಹೆಚ್ಚಿಸಿದರೆ ಪ್ರಯೋಜನ ಕಡಿಮೆ. ಇನ್ಸುಲಿನ್ನಿನ ಬಗೆಗಳು ಯಾವುವು, ಯಾವುದು ಎಷ್ಟು ಗಂಟೆ ಕೆಲಸ ಮಾಡುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದ ವಿದ್ಯಾರ್ಥಿಯೇ ಮೊದಲ ರೋಗಿಗೆ ಮೊದಲ ಹತ್ತು ಯೂನಿಟ್ ಬರೆಯುವಾಗ ತಡವರಿಸುತ್ತಾನೆ, ಏಕೆಂದರೆ ಅವನಿಗೆ ಗೊತ್ತಿರುವುದು ಔಷಧದ ವಿಷಯ. ತೀರ್ಮಾನದ ಅಭ್ಯಾಸ ಅವನಿಗೆ ಆಗಿಲ್ಲ. ವಿಮಾನ ಹಾರಿಸುವವರಿಗೆ ನೆಲದ ಮೇಲೆಯೇ ಹಾರಾಟದ ಅಭ್ಯಾಸ ಮಾಡಿಸುವ ಯಂತ್ರವನ್ನು ಎಡ್ವಿನ್ ಲಿಂಕ್ 1920ರ ದಶಕದ ಕೊನೆಯಲ್ಲಿಯೇ ರೂಪಿಸಿದರು. ವೈದ್ಯಕೀಯದಲ್ಲಿ ಅಂಥದ್ದು ಮೊದಲು ಬಂದದ್ದು ಕೈಚಳಕದ ಕೆಲಸಗಳಿಗೆ, ಎದೆ ಒತ್ತಿ ಉಸಿರು ಕೊಡುವ ಬೊಂಬೆಗಳ ರೂಪದಲ್ಲಿ. ನಿಧಾನ ರೋಗಗಳಿಗೆ ಬೊಂಬೆ ಸಾಲದು; ಅಲ್ಲಿ ಅಭ್ಯಾಸ ಮಾಡಿಸಬೇಕಾದದ್ದು ಕಾಲದ ಜೊತೆಗಿನ ವ್ಯವಹಾರವನ್ನು. ಮೂರು ತಿಂಗಳನ್ನು ಮೂರು ನಿಮಿಷಕ್ಕೆ ಇಳಿಸಿ, ತೀರ್ಮಾನ ಮತ್ತು ಫಲಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ತೋರಿಸುವ ಸಾಮರ್ಥ್ಯ ಆಟಕ್ಕಿದೆ. ಮನರಂಜನೆಯನ್ನೇ ಗುರಿಯಾಗಿಸಿಕೊಳ್ಳದೆ ಕಲಿಕೆಗಾಗಿ ಕಟ್ಟಿದ ಇಂಥ ಆಟಗಳನ್ನು ‘ಗಂಭೀರ ಆಟ’ಗಳೆಂದು ಕರೆಯುವ ರೂಢಿ 1970ರಲ್ಲಿ ಬಂದ ಕ್ಲಾರ್ಕ್ ಆಬ್ಟ್ ಅವರ ಪುಸ್ತಕದಿಂದ ಹರಡಿತು.

ಆಟದಿಂದ ಕಲಿಸುವುದು ಕನ್ನಡ ನಾಡಿಗೆ ಹೊಸ ವಿಚಾರವಲ್ಲ. ಪಾಪ ಪುಣ್ಯಗಳ ಮೆಟ್ಟಿಲುಗಳನ್ನು ಹಾವು ಏಣಿಗಳಾಗಿ ಬರೆದ ಪರಮಪದ ಸೋಪಾನ ಪಟ ಮನೆಮನೆಯ ಆಟವಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಆಸಕ್ತಿ ತಳೆದು ಹಲವನ್ನು ತಾವೇ ರಚಿಸಿದರು, ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳಿಗೇ ಮೀಸಲಾಗಿದೆ. ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಪರಮಪದದಲ್ಲಿ ಏರಿಳಿತವನ್ನು ನಿರ್ಧರಿಸುವುದು ದಾಳ, ಆಡುವವರ ಕೈಯಲ್ಲಿ ಏನೂ ಇಲ್ಲ. ಅಳಗುಳಿಮಣೆಯಲ್ಲಿ ಹಾಗಲ್ಲ, ಯಾವ ಗುಳಿಯ ಹುಣಸೆಬೀಜವನ್ನು ಈಗ ಎತ್ತಿ ಹಂಚಿದರೆ ಕೈ ಎಲ್ಲಿ ಬರಿದಾಗುತ್ತದೆ, ಎದುರಾಳಿಗೆ ಮುಂದೆ ಏನು ಉಳಿಯುತ್ತದೆ ಎಂದು ಎಣಿಸಿಯೇ ಕೈ ಹಾಕಬೇಕು, ಮತ್ತು ಆತುರದ ಎತ್ತುವಿಕೆಯ ನಷ್ಟ ಎರಡು ಸುತ್ತು ಕಳೆದ ಮೇಲೆ ತಿಳಿಯುತ್ತದೆ. ವೈದ್ಯಕೀಯ ಶಿಕ್ಷಣದ ಹೆಸರಿನಲ್ಲಿ ಇಂದು ಸಿಗುವ ಅನೇಕ ಆಟಗಳು ಮೊದಲ ಬಗೆಯವು: ಒಂದು ಪ್ರಶ್ನೆ, ನಾಲ್ಕು ಉತ್ತರ, ಸರಿಯಾದರೆ ಏಣಿ, ತಪ್ಪಾದರೆ ಹಾವು. ಅವು ನೆನಪನ್ನು ಗಟ್ಟಿಮಾಡುತ್ತವೆ, ಅದಕ್ಕೊಂದು ಬೆಲೆಯಿದೆ. ಆದರೆ ಇನ್ಸುಲಿನ್ನಿನ ಚಿಕಿತ್ಸೆ ಬೇಡುವುದು ಎರಡನೆಯ ಬಗೆಯ ಆಟವನ್ನು.

ಅಂಥ ಆಟದ ಒಡಲಲ್ಲಿ ಗಣಿತದ ಒಂದು ಮಾದರಿ ಇರಬೇಕಾಗುತ್ತದೆ. ಉಂಡ ಅನ್ನ ಎಷ್ಟು ಹೊತ್ತಿನಲ್ಲಿ ರಕ್ತದ ಗ್ಲೂಕೋಸಾಗುತ್ತದೆ, ಚುಚ್ಚಿದ ಇನ್ಸುಲಿನ್ ಚರ್ಮದಡಿಯಿಂದ ಎಷ್ಟು ವೇಗದಲ್ಲಿ ಹೀರಲ್ಪಡುತ್ತದೆ, ಯಕೃತ್ತು ರಾತ್ರಿಯಿಡೀ ಎಷ್ಟು ಗ್ಲೂಕೋಸ್ ಬಿಡುಗಡೆ ಮಾಡುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವ ಕೆಲಸ 1970ರ ದಶಕದಿಂದ ಗಂಭೀರವಾಗಿ ಸಾಗಿಬಂದಿದೆ. ರಿಚರ್ಡ್ ಬರ್ಗ್‌ಮನ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಕನಿಷ್ಠ ಮಾದರಿ ಅದರ ಒಂದು ಮೈಲುಗಲ್ಲು. ಎಲ್ಡನ್ ಲೇಮನ್ ಅವರ ‘ಐಡಾ’ ಎಂಬ ತಂತ್ರಾಂಶ 1990ರ ದಶಕದಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯತೊಡಗಿದಾಗ, ಊಟ ಮತ್ತು ಇನ್ಸುಲಿನ್ನಿನ ಪ್ರಮಾಣಗಳನ್ನು ಬದಲಿಸಿ ಸಕ್ಕರೆಯ ರೇಖೆ ಹೇಗೆ ಬಾಗುತ್ತದೆಂದು ಯಾರು ಬೇಕಾದರೂ ನೋಡುವಂತಾಯಿತು. ಅದು ಕಲಿಕೆಗೆ ಮಾತ್ರ, ಯಾವುದೇ ರೋಗಿಯ ಔಷಧವನ್ನು ನಿರ್ಧರಿಸಲು ಅಲ್ಲ ಎಂಬ ಎಚ್ಚರಿಕೆಯನ್ನೂ ಜೊತೆಗೇ ಕೊಡಲಾಗಿತ್ತು. ಅಮೆರಿಕದ ವರ್ಜೀನಿಯಾ ಮತ್ತು ಇಟಲಿಯ ಪಾಡುವಾ ವಿಶ್ವವಿದ್ಯಾಲಯಗಳು ಕೂಡಿ ಕಟ್ಟಿದ ಕಾಲ್ಪನಿಕ ರೋಗಿಗಳ ಮಾದರಿಯನ್ನು 2008ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಲಾಖೆ ಕೆಲವು ಇನ್ಸುಲಿನ್ ಪ್ರಯೋಗಗಳಲ್ಲಿ ಪ್ರಾಣಿಗಳ ಬದಲಿಗೆ ಬಳಸಬಹುದೆಂದು ಒಪ್ಪಿತು. ಅಷ್ಟು ನಂಬಿಕೆಗೆ ಅರ್ಹವಾದ ಮಾದರಿ ಕೈಯಲ್ಲಿರುವಾಗ ವಿದ್ಯಾರ್ಥಿಯ ಕಲಿಕೆಗೆ ಬೇಕಾದ ಮಾದರಿಯನ್ನು ಕಟ್ಟುವುದು ಅಸಾಧ್ಯದ ಕೆಲಸವೇನಲ್ಲ.

ಮಧುಮೇಹದ ವಿಡಿಯೊ ಆಟಗಳು ಮೊದಲು ಹುಟ್ಟಿದ್ದು ವೈದ್ಯರಿಗಾಗಿ ಅಲ್ಲ, ರೋಗಿಗಳಾದ ಮಕ್ಕಳಿಗಾಗಿ. 1992ರಲ್ಲಿ ಸೂಪರ್ ನಿಂಟೆಂಡೊ ಯಂತ್ರಕ್ಕೆ ಬಂದ ‘ಕ್ಯಾಪ್ಟನ್ ನೊವೊಲಿನ್’ ಆಟದ ನಾಯಕ ಸ್ವತಃ ಮಧುಮೇಹಿ. ನೊವೊಲಿನ್ ಎಂಬುದು ಆಟಕ್ಕೆ ನೆರವಿತ್ತ ಕಂಪನಿಯ ಇನ್ಸುಲಿನ್ನಿನ ಹೆಸರೂ ಹೌದು. ಅದರ ಹಿಂದೆಯೇ ಬಂದ ‘ಪ್ಯಾಕಿ ಮತ್ತು ಮಾರ್ಲನ್’ನಲ್ಲಿ ಎರಡು ಆನೆಮರಿಗಳು ಮಧುಮೇಹಿ ಮಕ್ಕಳ ಶಿಬಿರದಲ್ಲಿ ಕಳವಾದ ಆಹಾರ, ಔಷಧಗಳನ್ನು ಇಲಿಗಳಿಂದ ಬಿಡಿಸಿ ತರುತ್ತ, ತಮ್ಮ ಸಕ್ಕರೆಯನ್ನೂ ನೋಡಿಕೊಳ್ಳಬೇಕು. 8ರಿಂದ 16 ವರ್ಷದೊಳಗಿನ 59 ಮಕ್ಕಳಲ್ಲಿ ಕೆಲವರಿಗೆ ಇದನ್ನೂ ಉಳಿದವರಿಗೆ ಮಧುಮೇಹಕ್ಕೆ ಸಂಬಂಧವಿಲ್ಲದ ಬೇರೊಂದು ಆಟವನ್ನೂ ಕೊಟ್ಟು ಆರು ತಿಂಗಳು ಗಮನಿಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಮಧುಮೇಹದ ಕಾರಣಕ್ಕೆ ತುರ್ತಾಗಿ ವೈದ್ಯರಲ್ಲಿಗೆ ಓಡಬೇಕಾದ ಪ್ರಸಂಗಗಳು ಈ ಆಟವಾಡಿದ ಮಕ್ಕಳಲ್ಲಿ ಶೇಕಡಾ 77ರಷ್ಟು ತಗ್ಗಿದ್ದವು. ಅಧ್ಯಯನ ಚಿಕ್ಕದು ನಿಜ, ಆದರೆ ಅದು ಅಳೆದದ್ದು ಅಂಕಗಳನ್ನಲ್ಲ, ಬದುಕಿನಲ್ಲಾದ ಬದಲಾವಣೆಯನ್ನು. ವೈದ್ಯರಿಗಾಗಿ ಕಟ್ಟಿದ ಆಟಗಳ ಅಧ್ಯಯನಗಳು ಇನ್ನೂ ಆ ಮಟ್ಟವನ್ನು ಮುಟ್ಟಬೇಕಾಗಿದೆ.

ವೈದ್ಯರಿಗಾಗಿ ರಚಿತವಾದ ಆಟಗಳಲ್ಲಿ ಹಾವೇರಿಯಂಥ ಜಿಲ್ಲೆಗೆ ತೀರ ಹತ್ತಿರದ್ದೆನಿಸುವುದು ಬ್ರೆಜಿಲ್ ದೇಶದ ದಕ್ಷಿಣ ಭಾಗದ ಲೊಂಡ್ರಿನಾದಲ್ಲಿ ಲಿಯಾಂಡ್ರೊ ಡೀಲ್ ಮತ್ತು ಅವರ ಸಂಗಡಿಗರು ಕಟ್ಟಿದ ‘ಇನ್ಸುಆನ್‌ಲೈನ್’. ಅಲ್ಲಿಯೂ ಮಧುಮೇಹಿಗಳನ್ನು ನೋಡಿಕೊಳ್ಳುವವರು ಸರಕಾರಿ ಪ್ರಾಥಮಿಕ ಆರೋಗ್ಯ ಘಟಕಗಳ ಸಾಮಾನ್ಯ ವೈದ್ಯರು, ಅಲ್ಲಿಯೂ ಇನ್ಸುಲಿನ್ ಆರಂಭಿಸಲು ಅವರಿಗೆ ಹಿಂಜರಿಕೆ. ಆಡುವವರು ಅಂಥ ಒಂದು ಘಟಕದ ವೈದ್ಯರಾಗಿ ಒಬ್ಬೊಬ್ಬ ರೋಗಿಯನ್ನೂ ನೋಡುತ್ತ ಇನ್ಸುಲಿನ್ ಯಾವಾಗ ಆರಂಭಿಸಬೇಕು, ಎಷ್ಟರಿಂದ, ಹೇಗೆ ಏರಿಸಬೇಕು ಎಂದು ತೀರ್ಮಾನಿಸುತ್ತ ಹೋಗಬೇಕು. ಪ್ರಕರಣಗಳು ಸರಳದಿಂದ ಕಠಿಣಕ್ಕೆ ಸಾಗುತ್ತವೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈದ್ಯರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಈ ಆಟವನ್ನೂ ಇನ್ನೊಂದಕ್ಕೆ ಅದೇ ವಿಷಯವನ್ನು ಎದುರು ಕೂರಿಸಿ ಕಲಿಸುವ ರೂಢಿಯ ತರಬೇತಿಯನ್ನೂ ನೀಡಲಾಯಿತು. ಆಟ ಆಡಿದವರ ಅಂಕ ಶೇಕಡಾ 52ರಿಂದ 92ಕ್ಕೆ, ತರಗತಿಯಲ್ಲಿ ಕಲಿತವರದು 53ರಿಂದ 85ಕ್ಕೆ ಏರಿತು. ಮೂರು ತಿಂಗಳ ನಂತರವೂ ಎರಡೂ ಗುಂಪಿನವರ ತಿಳಿವಳಿಕೆ ಮೊದಲಿಗಿಂತ ಮೇಲಿನ ಮಟ್ಟದಲ್ಲಿಯೇ ಉಳಿದಿತ್ತು. ಇದರಿಂದ ಆಟವೇ ಶ್ರೇಷ್ಠ ಎಂಬ ಘೋಷಣೆಗೆ ಹೊರಡುವುದು ಆತುರವಾದೀತು. ಒಳ್ಳೆಯ ಶಿಕ್ಷಕರು ಎದುರು ಕೂತು ಕಲಿಸುವುದಕ್ಕೆ ಆಟ ಕಡಿಮೆಯೇನಲ್ಲ ಎಂಬುದಷ್ಟೇ ಇದರ ನೇರ ಅರ್ಥ. ಆದರೆ ಅಂಥ ಶಿಕ್ಷಕರನ್ನು ಹಿರೇಕೆರೂರಿನ ಒಂದೊಂದು ಆರೋಗ್ಯ ಕೇಂದ್ರಕ್ಕೂ ಕಳಿಸಲಾಗದು, ಆಟವನ್ನು ಕಳಿಸಬಹುದು ಎಂಬುದನ್ನು ನೆನೆದಾಗ ಈ ‘ಕಡಿಮೆಯೇನಲ್ಲ’ ಎಂಬ ಮಾತಿಗೆ ತೂಕ ಬರುತ್ತದೆ.

ಲೊಂಡ್ರಿನಾದ ಆಟವನ್ನು ಭಾಷೆ ಬದಲಿಸಿ ಇಲ್ಲಿಗೆ ತಂದರೆ ಸಾಕೇ ಎಂದರೆ ಸಾಲದು; ಔಷಧ ಒಂದೇ ಆದರೂ ಅದನ್ನು ತೆಗೆದುಕೊಳ್ಳುವವರ ದುಡಿಮೆ, ಊಟ, ವಾರ, ಹಬ್ಬಗಳು ಬೇರೆ. ಈ ಸೀಮೆಗೆಂದೇ ಕಟ್ಟುವ ಆಟದಲ್ಲಿ ಒಂದು ಪ್ರಕರಣ ಹೇಗಿರಬಹುದೆಂಬುದನ್ನು ಕಲ್ಪಿಸಿಕೊಂಡು ನೋಡಬಹುದು. ರೋಗಿ ಹಾನಗಲ್ ಭಾಗದ ಭತ್ತದ ರೈತ, ವಯಸ್ಸು 56, ತೂಕ 60 ಕಿಲೊ, ಹನ್ನೊಂದು ವರ್ಷದಿಂದ ಮಧುಮೇಹಿ. ಮೆಟ್‌ಫಾರ್ಮಿನ್ ದಿನಕ್ಕೆ ಎರಡು ಗ್ರಾಂ, ಗ್ಲಿಮಿಪಿರೈಡ್ ನಾಲ್ಕು ಮಿಲಿಗ್ರಾಂ, ಎರಡನ್ನೂ ತಪ್ಪದೆ ನುಂಗುತ್ತಿದ್ದಾನೆ. ಬೆಳಗಿನ ಬರಿಹೊಟ್ಟೆಯ ಸಕ್ಕರೆ 212. ಎಚ್‌ಬಿಎ1ಸಿ, ಅಂದರೆ ಕೆಂಪು ರಕ್ತಕಣಗಳಿಗೆ ಅಂಟಿದ ಗ್ಲೂಕೋಸನ್ನು ಅಳೆದು ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಪರೀಕ್ಷೆ, 9.8 ಎನ್ನುತ್ತದೆ. ಆಡುವವರ ಮುಂದೆ ದಾರಿಗಳಿವೆ: ಪಥ್ಯ ಹೇಳಿ ಕಳಿಸಬಹುದು, ಗ್ಲಿಪ್ಟಿನ್ ಎಂಬ ಇನ್ನೊಂದು ಬಗೆಯ ಗುಳಿಗೆ ಸೇರಿಸಬಹುದು, ಇನ್ಸುಲಿನ್ ಆರಂಭಿಸಬಹುದು. ಗ್ಲಿಪ್ಟಿನ್ ಆರಿಸಿದವರಿಗೆ ಆಟ ತಪ್ಪು ಎಂದು ಕೆಂಪು ಗುರುತು ತೋರಿಸಬಾರದು. ಅದು ಮೂರು ತಿಂಗಳನ್ನು ಮುಂದೋಡಿಸಿ ಎಚ್‌ಬಿಎ1ಸಿ 9.1ಕ್ಕೆ ಇಳಿದುದನ್ನು ತೋರಿಸಿ ಸುಮ್ಮನಾಗಬೇಕು, ಏಕೆಂದರೆ ಆ ಗುಳಿಗೆ ಸಾಮಾನ್ಯವಾಗಿ ಇಳಿಸುವುದು ಒಂದು ಅಂಶಕ್ಕಿಂತಲೂ ಕಡಿಮೆ.

ಇನ್ಸುಲಿನ್ ಆರಿಸಿದವರಿಗೆ ಮೊದಲು ಎದುರಾಗುವುದು ರೋಗಿಯ ಮಾತು: “ಗುಳಿಗಿ ಬೇಕಾದ್ರ ಇನ್ನೆರಡು ಹೆಚ್ಚಿಗಿ ಕೊಡ್ರಿ ಡಾಕ್ಟ್ರೇ, ಸೂಜಿ ಮಾತ್ರ ಬ್ಯಾಡ್ರಿ. ಒಮ್ಮೆ ಹಚ್ಚಿದ್ರ ಸಾಯೋತನಕ ಬಿಡಂಗಿಲ್ಲಂತ.” ಇದಕ್ಕೆ ಉತ್ತರಿಸುವುದೂ ಚಿಕಿತ್ಸೆಯ ಭಾಗವೇ. ಹೆದರಿಸಿ ಒಪ್ಪಿಸುವ ಉತ್ತರವನ್ನು ಆರಿಸಿದರೆ ರೋಗಿ ತಲೆಯಾಡಿಸಿ ಹೋಗಿ ಎರಡು ತಿಂಗಳು ಬರದೇ ಇರಬಹುದು. “ನಿಮ್ಮ ಮೈಯಾಗ ತಯಾರಾಗೋ ಇನ್ಸುಲಿನ್ನ ಕಡಿಮಿ ಬಿದ್ದೈತ್ರಿ ಕಾಕಾ, ಕಡಿಮಿ ಬಿದ್ದದ್ದನ್ನ ಹೊರಗಿಂದ ಕೊಡಾಕತ್ತೀವಿ” ಎಂದು ಬಿಡಿಸಿ ಹೇಳಿದರೆ ಆತ ಸೊಸೆಯನ್ನು ಕರೆದುಕೊಂಡು ಬರಬಹುದು, ಏಕೆಂದರೆ ಸಿರಿಂಜಿನ ಗೆರೆ ಅವನ ಕಣ್ಣಿಗೆ ಕಾಣುವುದಿಲ್ಲ. ಬಳಿಕ ಪ್ರಮಾಣದ ಪ್ರಶ್ನೆ. ರೂಢಿಯ ಮಾರ್ಗಸೂಚಿಯಂತೆ ರಾತ್ರಿ ಮಲಗುವಾಗ ಮಧ್ಯಮ ಅವಧಿಯ ಇನ್ಸುಲಿನ್ 10 ಯೂನಿಟ್ಟಿನಿಂದ ಆರಂಭಿಸಿ, ಬೆಳಗಿನ ಬರಿಹೊಟ್ಟೆಯ ಸಕ್ಕರೆ 130ರ ಒಳಗೆ ಬರುವತನಕ ಮೂರು ದಿನಕ್ಕೊಮ್ಮೆ ಎರಡೆರಡು ಯೂನಿಟ್ ಏರಿಸುತ್ತ ಹೋಗಬೇಕು. ಹತ್ತು ಯೂನಿಟ್ ಬರೆದು ಅಲ್ಲಿಗೇ ಬಿಟ್ಟವರಿಗೆ ಆಟ ಮೂರು ತಿಂಗಳ ನಂತರವೂ 180ರ ಸುತ್ತಲೇ ನಿಂತ ಸಕ್ಕರೆಯನ್ನು ತೋರಿಸುತ್ತದೆ. ನಿಜದ ಚಿಕಿತ್ಸೆಯಲ್ಲಿಯೂ ಹೀಗೆ ಆರಂಭಿಸಿ ಮರೆತ ಹತ್ತು ಯೂನಿಟ್ಟುಗಳು ಬಹಳ. ಅವು ರೋಗಿಗೆ ಸೂಜಿಯ ಕಷ್ಟವನ್ನು ಕೊಡುತ್ತವೆ, ಅದರ ಲಾಭವನ್ನು ಕೊಡುವುದಿಲ್ಲ.

ಏರಿಸುತ್ತ ಹೋದವರಿಗೆ ಬೇರೆಯದೇ ಪರೀಕ್ಷೆ ಕಾದಿರುತ್ತದೆ. ನಾಟಿಯ ದಿನಗಳು ಬರುತ್ತವೆ. ರೋಗಿ ಇಡೀ ದಿನ ಕೆಸರಿನಲ್ಲಿ ಬಗ್ಗಿ ದುಡಿದು, ದಣಿವಿಗೆ ರಾತ್ರಿ ಅರ್ಧ ರೊಟ್ಟಿ ತಿಂದು, ಇನ್ಸುಲಿನ್ ಮಾತ್ರ ಎಂದಿನಷ್ಟೇ ಚುಚ್ಚಿಕೊಂಡು ಮಲಗುತ್ತಾನೆ. ಮಧ್ಯಮ ಅವಧಿಯ ಇನ್ಸುಲಿನ್ನಿನ ಬಲ ಚುಚ್ಚಿದ ಕೆಲವು ಗಂಟೆಗಳ ಬಳಿಕ ತುತ್ತತುದಿಗೇರುತ್ತದೆ. ಬೆಳಗಿನ ಜಾವ ಮಗ ಫೋನು ಮಾಡುತ್ತಾನೆ: ಅಪ್ಪ ಬೆವರಿನಲ್ಲಿ ತೊಯ್ದಿದ್ದಾನೆ, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗಿನ ಲಕ್ಷಣಗಳಿವು. ಎಚ್ಚರವಿರುವ ರೋಗಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಸುಧಾರಿಸಿದ ಮೇಲೆ ಊಟ ಕೊಡಬೇಕೆಂಬುದು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ತರಬೇಕೆಂಬುದು, ಗ್ಲಿಮಿಪಿರೈಡ್ ತೆಗೆದುಕೊಳ್ಳುತ್ತಿರುವವರ ಸಕ್ಕರೆ ಮತ್ತೆ ಇಳಿಯಬಹುದಾದ್ದರಿಂದ ಒಮ್ಮೆ ಸರಿಹೋದ ಮಾತ್ರಕ್ಕೆ ಕಣ್ಣು ತಪ್ಪಿಸಬಾರದೆಂಬುದು ಇಲ್ಲಿ ತೀರ್ಮಾನಗಳಾಗಿ ಎದುರಾಗುತ್ತವೆ. ಇದಕ್ಕಿಂತ ಮುಖ್ಯವಾದ ತೀರ್ಮಾನ ಮರುದಿನದ್ದು. ಪ್ರಮಾಣವನ್ನು ಶೇಕಡಾ 10ರಿಂದ 20ರಷ್ಟು ಇಳಿಸಿ, ಇನ್ಸುಲಿನ್ ಆರಂಭಿಸಿದ ಮೇಲೂ ಗ್ಲಿಮಿಪಿರೈಡ್ ಅಷ್ಟೇ ಬೇಕೇ ಎಂದು ಮರುಯೋಚಿಸಿ, ನಾಟಿಯ ದಿನಗಳಿಗೆ ಬೇರೆ ಲೆಕ್ಕ ಹಾಕಿಕೊಡುವುದು ಸರಿಯಾದ ದಾರಿ. ಆದರೆ ಅಂಜಿದ ತರಬೇತಿ ವೈದ್ಯರು ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಿಬಿಡುತ್ತಾರೆ. ಆಟ ಅವರನ್ನು ತಡೆಯುವುದಿಲ್ಲ. ಅದು ಕಾಲವನ್ನು ಮುಂದೆ ಸರಿಸುತ್ತದೆ, ಎಚ್‌ಬಿಎ1ಸಿ 10ನ್ನು ದಾಟುತ್ತದೆ, ಗದ್ದೆಯಲ್ಲಿ ತಗುಲಿದ ಗಾಯ ಮಾಯುವುದಿಲ್ಲ. ಯಾವ ರೋಗಿಗೂ ನೋವಾಗದಂತೆ ಈ ತಪ್ಪನ್ನು ಕೊನೆಯವರೆಗೆ ಮಾಡಿನೋಡುವ ಅವಕಾಶವನ್ನು ಬೇರೆ ಯಾವ ಬೋಧನಾ ಕ್ರಮವೂ ಕೊಡಲಾರದು.

ಸಿರಿಂಜಿನ ವಿಷಯ ಪಠ್ಯಪುಸ್ತಕದಲ್ಲಿ ಒಂದು ಸಾಲಿನದು, ಹಳ್ಳಿಯಲ್ಲಿ ದಿನನಿತ್ಯದ್ದು. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಸೀಸೆಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್ಜುಗಳಲ್ಲಿ ಮತ್ತು ಕೆಲವು ಸೀಸೆಗಳಲ್ಲಿ ಅಷ್ಟೇ ದ್ರವದಲ್ಲಿ 100 ಯೂನಿಟ್ ಇರುತ್ತದೆ, ಅಂಥ ಸೀಸೆಗಳಿಗೆ ಕಿತ್ತಳೆ ಮುಚ್ಚಳದ ಸಿರಿಂಜು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 25 ಯೂನಿಟ್. ತದ್ವಿರುದ್ಧವಾಗಿ 40ರದನ್ನು ಕಿತ್ತಳೆಯದರಲ್ಲಿ ಎಳೆದರೆ ಬರೇ ನಾಲ್ಕು. ಔಷಧದ ಅಂಗಡಿಯಲ್ಲಿ ಒಂದು ಸಿಗದೆ ಇನ್ನೊಂದನ್ನು ಕೊಟ್ಟುಬಿಟ್ಟಾಗ, ಸಕ್ಕರೆ ಏಕಾಏಕಿ ಏರಿದ್ದಕ್ಕೋ ಇಳಿದದ್ದಕ್ಕೋ ಕಾರಣ ತಿಳಿಯದೆ ವೈದ್ಯರು ಪ್ರಮಾಣವನ್ನೇ ತಿದ್ದತೊಡಗುತ್ತಾರೆ. ಆಟದ ರೋಗಿ ತನ್ನ ಚೀಲದಿಂದ ಸೀಸೆ, ಸಿರಿಂಜುಗಳನ್ನು ಮೇಜಿನ ಮೇಲೆ ತೆಗೆದಿಡುವಂತಿರಬೇಕು, ಅದನ್ನು ಕೇಳಿ ನೋಡಿದ ಆಟಗಾರರಿಗೆ ಮಾತ್ರ ಮುಚ್ಚಳದ ಬಣ್ಣ ಕಾಣುವಂತಿರಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಸೀಸೆಯನ್ನು ಎಲ್ಲಿಡುತ್ತೀರಿ ಎಂಬ ಪ್ರಶ್ನೆಯೂ ಹಾಗೆಯೇ. ಮಣ್ಣಿನ ಗಡಿಗೆಯ ತಂಪಿನಲ್ಲಿ, ನೀರು ತಾಗದ ಹಾಗೆ ಇಡುವ ಉಪಾಯವನ್ನು ಹೇಳಿಕೊಟ್ಟ ವೈದ್ಯರ ರೋಗಿಗೆ ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಔಷಧ ಕೆಡುವ ಭಯ ಕಡಿಮೆ.

ಸವಣೂರಿನ ಪ್ರಕರಣ ಇನ್ನೊಂದು ಬಗೆಯದು. ನವಾಬರ ರಾಜಧಾನಿಯಾಗಿದ್ದ ಆ ಊರಿನಲ್ಲಿ ರಂಜಾನ್ ತಿಂಗಳ ಉಪವಾಸ ಹಿಡಿಯುವ ಮಧುಮೇಹಿಗಳು ವೈದ್ಯರ ಮುಂದೆ ಬಂದೇ ಬರುತ್ತಾರೆ. ‘ಉಪವಾಸ ಬಿಡಿ’ ಎಂದಷ್ಟೇ ಹೇಳಿದ ವೈದ್ಯರಿಗೆ ಹೇಳದೆಯೇ ಅವರು ಉಪವಾಸ ಹಿಡಿಯುತ್ತಾರೆ. ರಂಜಾನಿಗೆ ಒಂದೂವರೆ ಎರಡು ತಿಂಗಳು ಮುಂಚೆಯೇ ಅವರೊಡನೆ ಕುಳಿತು, ಅಪಾಯ ಎಷ್ಟಿದೆಯೆಂದು ಅಳೆದು, ಬೆಳಗಿನ ಗ್ಲಿಮಿಪಿರೈಡನ್ನು ಇಫ್ತಾರಿನ ಹೊತ್ತಿಗೆ ಸರಿಸಿ ಬೇಕಾದರೆ ಪ್ರಮಾಣ ತಗ್ಗಿಸಿ, ಸಕ್ಕರೆ 70ಕ್ಕಿಂತ ಇಳಿದರೆ ಉಪವಾಸ ಮುರಿಯಲೇಬೇಕೆಂದು ಒಪ್ಪಿಸಿ, ಬೆರಳು ಚುಚ್ಚಿ ರಕ್ತ ನೋಡುವುದರಿಂದ ಉಪವಾಸ ಮುರಿಯುವುದಿಲ್ಲವೆಂದು ಧರ್ಮಪಂಡಿತರು ಹೇಳುತ್ತಾರೆಂಬುದನ್ನು ತಿಳಿಸುವುದು ಕಲಿಯಬೇಕಾದ ಕೆಲಸ. ಶ್ರಾವಣದ ಸೋಮವಾರಗಳಿಗೂ ಏಕಾದಶಿಗೂ ಜಾತ್ರೆಯ ಹೋಳಿಗೆ ಊಟಕ್ಕೂ ಇಂಥದೇ ಲೆಕ್ಕಗಳಿವೆ. ಜೋಳದ ರೊಟ್ಟಿ ಎಷ್ಟು ತಿಂದರೆ ಎಷ್ಟು, ಮಂಡಕ್ಕಿ ಮಿರ್ಚಿ ಸಂಜೆಯ ಸಕ್ಕರೆಯನ್ನು ಏನು ಮಾಡುತ್ತದೆ, ಅನ್ನ ಹೆಚ್ಚಾದ ಹಾನಗಲ್ಲಿನ ಊಟಕ್ಕೂ ರೊಟ್ಟಿ ಹೆಚ್ಚಾದ ಊಟಕ್ಕೂ ಇನ್ಸುಲಿನ್ನಿನ ಲೆಕ್ಕದಲ್ಲಿ ಏನು ಅಂತರ ಎಂಬುದಕ್ಕೆ ಪರದೇಶದ ಆಟದಲ್ಲಿ ಉತ್ತರ ಸಿಗುವುದಿಲ್ಲ.

ಈ ವಿವರಗಳನ್ನು ಕೂಡಿಸುವ ಕೆಲಸ ವೈದ್ಯಕೀಯ ಕಾಲೇಜೊಂದರಿಂದಲೇ ಆಗುವಂಥದ್ದಲ್ಲ, ಮತ್ತು ಇಲ್ಲಿಯೇ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಹೆಸರನ್ನು ಎತ್ತಬೇಕಾಗುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯ ಬದಿಯ ಈ ಊರಿನಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಊರಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಕಡೆದಿಟ್ಟ ಉತ್ಸವ್ ರಾಕ್ ಗಾರ್ಡನ್ ಇದೆ. ಕುಳಿತ ಭಂಗಿ, ತಲೆಗೆ ಸುತ್ತಿದ ರುಮಾಲು, ಕೈಯ ಹಿಡಿತ ಇವುಗಳಲ್ಲಿ ಒಬ್ಬ ಮನುಷ್ಯನ ದುಡಿಮೆಯನ್ನು ಗುರುತಿಸುವ ಆ ಕಣ್ಣು ವೈದ್ಯರಿಗೂ ಬೇಕಾದದ್ದು. ಜನರ ಊಟ, ಹಬ್ಬ, ನಂಬಿಕೆ, ಮನೆಮದ್ದುಗಳನ್ನು ದಾಖಲಿಸುವುದನ್ನೇ ವಿದ್ಯೆಯಾಗಿ ಕಲಿಯುವ ವಿದ್ಯಾರ್ಥಿಗಳು ಹೆದ್ದಾರಿಯ ಈ ಊರಿನಲ್ಲಿ, ಅದೇ ಜನರಿಗೆ ಚಿಕಿತ್ಸೆ ಕೊಡಲು ಕಲಿಯುವ ವಿದ್ಯಾರ್ಥಿಗಳು ಅದೇ ಹೆದ್ದಾರಿಯ ಮೇಲಿನ ಹಾವೇರಿಯಲ್ಲಿ, ಹುಬ್ಬಳ್ಳಿಯಲ್ಲಿ ಇದ್ದಾರೆ. ಹಾಗಲಕಾಯಿ ರಸ, ಮೆಂತ್ಯ, ಬೇವಿನ ಚಿಗುರು, ಊರಿನ ಬೇರು ನಾರುಗಳನ್ನು ರೋಗಿ ಗುಳಿಗೆಯ ಜೊತೆಗೆ ತೆಗೆದುಕೊಳ್ಳುತ್ತಿದ್ದರೂ ಬೈಗುಳಕ್ಕೆ ಅಂಜಿ ವೈದ್ಯರಿಗೆ ಹೇಳುವುದಿಲ್ಲ. ಅದನ್ನು ಹೇಳಿಸುವ ಮಾತುಗಾರಿಕೆಯ ಸಂಭಾಷಣೆಯನ್ನು ಬರೆಯಬಲ್ಲವರು ಗೊಟಗೋಡಿಯಲ್ಲಿ ಸಿಕ್ಕಾರು, ಅದಕ್ಕೆ ಸಕ್ಕರೆಯ ರೇಖೆಯನ್ನು ಜೋಡಿಸಬಲ್ಲವರು ಕಾಲೇಜಿನಲ್ಲಿ ಸಿಕ್ಕಾರು. 2019ರಿಂದ ಜಾರಿಯಲ್ಲಿರುವ ಸಾಮರ್ಥ್ಯಾಧಾರಿತ ವೈದ್ಯಕೀಯ ಪಠ್ಯಕ್ರಮ ಸಂವಹನಕ್ಕೂ ಕೌಶಲ ಪ್ರಯೋಗಾಲಯಕ್ಕೂ ಜಾಗ ಮಾಡಿಕೊಟ್ಟಿರುವುದರಿಂದ ಇಂಥ ಜೊತೆಗೆಲಸಕ್ಕೆ ನಿಯಮಗಳ ಅಡ್ಡಿಯೂ ಇಲ್ಲ.

ಎಚ್ಚರ ವಹಿಸಬೇಕಾದ ಸ್ಥಳಗಳೂ ಇವೆ. ಆಟವನ್ನು ಕಟ್ಟಲು ದುಡ್ಡು ಬೇಕು, ಮತ್ತು ಅದನ್ನು ಕೊಡಲು ಇನ್ಸುಲಿನ್ ತಯಾರಿಸುವ ಕಂಪನಿಗಳು ಮುಂದೆ ಬರುತ್ತವೆ. ಅವುಗಳ ನೆರವಿನ ಆಟದಲ್ಲಿ ತಾಲ್ಲೂಕು ಆಸ್ಪತ್ರೆಯ ಸಾಧಾರಣ ಮಾನವ ಇನ್ಸುಲಿನ್ ಸೋಲುತ್ತ, ಬೆಲೆಬಾಳುವ ಹೊಸ ಇನ್ಸುಲಿನ್ ಗೆಲ್ಲುತ್ತ ಹೋದರೆ ಕಲಿತವರಿಗೆ ಅದರ ಅರಿವೂ ಆಗದು. ಆದ್ದರಿಂದ ಇದು ಸಾರ್ವಜನಿಕ ಹಣದಲ್ಲಿ, ಔಷಧಗಳ ಜೆನೆರಿಕ್ ಹೆಸರುಗಳನ್ನಷ್ಟೇ ಬಳಸಿ ಆಗಬೇಕಾದ ಕೆಲಸ. ಮಾರ್ಗಸೂಚಿಗಳು ಬದಲಾಗುತ್ತಿರುತ್ತವೆಯಾದ್ದರಿಂದ ವರ್ಷಕ್ಕೊಮ್ಮೆ ಆಟವನ್ನು ತಿದ್ದುವ ಹೊಣೆ ಯಾರದೆಂಬುದು ಮೊದಲೇ ನಿಶ್ಚಯವಾಗಬೇಕು. ಹಳತಾದ ಪುಸ್ತಕಕ್ಕೆ ಮುದ್ರಣದ ವರ್ಷ ಇರುತ್ತದೆ, ಹಳತಾದ ಆಟ ಹೊಸದರಂತೆಯೇ ಕಾಣುತ್ತದೆ. ಅಂಕಪಟ್ಟಿಯ ಮೋಹವೂ ಕೆಟ್ಟದ್ದು. ಯಾರು ಬೇಗ ಮುಗಿಸಿದರು, ಯಾರು ಮೊದಲಿಗರು ಎಂಬ ಸ್ಪರ್ಧೆ ಶುರುವಾದರೆ ವಿದ್ಯಾರ್ಥಿಗಳು ರೋಗಿಯನ್ನು ಬಿಟ್ಟು ಆಟದ ಯಂತ್ರವನ್ನು ಗೆಲ್ಲುವ ಒಳದಾರಿಗಳನ್ನು ಹುಡುಕತೊಡಗುತ್ತಾರೆ. ಆಟ ಮುಗಿದ ಮೇಲೆ ಹಿರಿಯ ವೈದ್ಯರೊಬ್ಬರು ಆರೇಳು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ನಾಟಿಯ ದಿನ ಇನ್ಸುಲಿನ್ ನಿಲ್ಲಿಸಿದ್ದೇಕೆ, ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ಸಾವಧಾನದಿಂದ ಕೇಳುವ ಮರುಚರ್ಚೆ ನಡೆಯದಿದ್ದರೆ ಆಟ ಕಲಿಸುವುದು ಅರ್ಧವನ್ನಷ್ಟೇ. ತಪ್ಪುಗಳ ದಾಖಲೆ ಆ ಚರ್ಚೆಗೆ ಒದಗಬೇಕೇ ಹೊರತು ಆಂತರಿಕ ಮೌಲ್ಯಮಾಪನದ ಅಂಕಗಳಿಗೆ ಹೋಗಬಾರದು, ಏಕೆಂದರೆ ಅಂಕ ಕಳೆಯುವುದೆಂದು ತಿಳಿದ ಕೂಡಲೇ ತಪ್ಪು ಮಾಡಿ ನೋಡುವ ಸ್ವಾತಂತ್ರ್ಯ ಹೋಗುತ್ತದೆ.

ತರಬೇತಿಗಳ ಫಲವನ್ನು ಅಳೆಯಲು ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1950ರ ದಶಕದ ಕೊನೆಯಲ್ಲಿ ಸೂಚಿಸಿದ ನಾಲ್ಕು ಮೆಟ್ಟಿಲುಗಳು ಇಂದಿಗೂ ಬಳಕೆಯಲ್ಲಿವೆ: ಕಲಿತವರಿಗೆ ಇಷ್ಟವಾಯಿತೇ, ತಿಳಿವಳಿಕೆ ಹೆಚ್ಚಿತೇ, ನಡವಳಿಕೆ ಬದಲಾಯಿತೇ, ಕೊನೆಯಲ್ಲಿ ಯಾರಿಗಾಗಿ ಇದೆಲ್ಲವೋ ಅವರಿಗೆ ಒಳಿತಾಯಿತೇ. ವೈದ್ಯರ ಆಟಗಳ ಬಗೆಗಿನ ಅಧ್ಯಯನಗಳು ಬಹುಪಾಲು ಮೊದಲ ಎರಡು ಮೆಟ್ಟಿಲುಗಳಲ್ಲೇ ನಿಂತಿವೆ. ಹಾವೇರಿ ಜಿಲ್ಲೆಯಲ್ಲಿ ಮುಂದಿನ ಮೆಟ್ಟಿಲುಗಳನ್ನು ಏರುವುದಕ್ಕೆ ಬೇಕಾದ ಸಾಮಗ್ರಿ ಈಗಾಗಲೇ ಇದೆ: ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿನಲ್ಲಿ ರೋಗಿ ಬಂದಾಗಲೆಲ್ಲ ಸಕ್ಕರೆ, ರಕ್ತದೊತ್ತಡ, ಕೊಟ್ಟ ಔಷಧಗಳು ದಾಖಲಾಗುತ್ತವೆ. ಆಟದಲ್ಲಿ ಪಳಗಿದ ತರಬೇತಿ ವೈದ್ಯರನ್ನು ಎರಡು ತಾಲ್ಲೂಕುಗಳಿಗೂ ರೂಢಿಯಂತೆ ಕಲಿತವರನ್ನು ಬೇರೆ ಎರಡಕ್ಕೂ ಕಳಿಸಿ ಒಂದು ವರ್ಷದ ಪುಸ್ತಕಗಳನ್ನು ತೆರೆದು ನೋಡಿದರೆ, ಇನ್ಸುಲಿನ್ ಬೇಕಾಗಿದ್ದವರಲ್ಲಿ ಎಷ್ಟು ಜನರಿಗೆ ಅದು ಆರು ತಿಂಗಳೊಳಗೆ ಆರಂಭವಾಯಿತು, ಆರಂಭವಾದವರಲ್ಲಿ ಎಷ್ಟು ಜನ ಹತ್ತು ಯೂನಿಟ್ಟಿನಲ್ಲೇ ಉಳಿದರು, ಸಕ್ಕರೆ ಇಳಿದು ಆಸ್ಪತ್ರೆಗೆ ಬಂದವರೆಷ್ಟು, ಸಿರಿಂಜು ಅದಲುಬದಲಾದ ಪ್ರಸಂಗಗಳೆಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಸಿಗುವ ಉತ್ತರ ಆ ಆಟವನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂಬುದನ್ನು ತೀರ್ಮಾನಿಸಲು ಸಾಕು.